ಉಸ್ತಾದರ ಬಯಾಜು

ನೌಬಾದದ ನಮ್ಮ ಓಣಿಯಲ್ಲಿ ಈಗ ಪೇಟಿ ಕಲಿಸುವವರು ಯಾರೂ ಉಳಿದಿಲ್ಲ. ಕಲಿಯುವವರಿಗೆ ಮಾತ್ರ ಕೊರತೆಯಿಲ್ಲ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಶ್ರಾವಣದ ಭಜನೆಗೆ ಹೋಗುವ ಹುಡುಗರಿದ್ದಾರೆ, ಉರುಸಿನಲ್ಲಿ ಕವ್ವಾಲರ ಪಕ್ಕ ಕೂತು ಬಾರಿಸಬೇಕೆಂಬ ಆಸೆಯವರಿದ್ದಾರೆ, ಶಾಲೆಯ ಗ್ಯಾದರಿಂಗಿಗೆಂದು ಕೀಬೋರ್ಡ್ ಕೊಂಡವರಿದ್ದಾರೆ. ಇವರೆಲ್ಲರ ಉಸ್ತಾದ ಮೊಬೈಲು. ಪಕ್ಕದ ಮನೆಯ ಹುಡುಗಿಯೊಬ್ಬಳು ಸಂಗೀತ ಪರೀಕ್ಷೆಗೆ ಕಟ್ಟಿದ್ದಾಳೆ. ರಾಗದ ಹೆಸರು ಒತ್ತಿದರೆ ಸಾಕು, ಆರೋಹ, ಅವರೋಹ, ಚೀಜು, ತಾನುಗಳ ಸ್ವರಲಿಪಿ ಪುಟಗಟ್ಟಲೆ ಬಂದು ಬೀಳುತ್ತದೆ. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ದಾರ ಹಾಕಿ ಹೊಲಿದು ಪುಸ್ತಕ ಮಾಡಿಕೊಂಡಿದ್ದಾಳೆ. ಪ್ರಿಂಟಿನ ಖರ್ಚು ಬಿಟ್ಟರೆ ಉಳಿದದ್ದೆಲ್ಲ ಪುಕ್ಕಟೆ.

"ಕಾಕಾ, ಇದ್ರಾಗ ಎಲ್ಲಾ ಬರ್ದಾರ. ನಾ ಬಾರ್ಸಿದ್ರ ಮಾತ್ರ ಬ್ಯಾರೆನೇ ಕೇಳ್ಲತ್ತದ" ಎಂದು ಒಂದು ದಿನ ನನ್ನ ಹತ್ತಿರ ಬಂದಳು. ನಾನು ಹಾಡುಗಾರನಲ್ಲ, ಕತೆ ಬರೆಯುವವನು. ಹುಡುಗನಾಗಿದ್ದಾಗ ಮೂರು ವರ್ಷ ಉಸ್ತಾದರೊಬ್ಬರ ಮುಂದೆ ಚಾಪೆಯ ಮೇಲೆ ಕೂತಿದ್ದೆ ಎಂಬುದಷ್ಟೇ ನನ್ನ ಯೋಗ್ಯತೆ. ಅವಳ ಪುಟದಲ್ಲಿ ಭೀಮಪಲಾಸಿಯ ಚೀಜಿತ್ತು. ಸ್ವರಲಿಪಿಯಲ್ಲಿ ತಪ್ಪೇನೂ ಇರಲಿಲ್ಲ. ಕೋಮಲ ಗಾಂಧಾರದ ಕೆಳಗೆ ಅಡ್ಡಗೆರೆ ಇತ್ತು, ಸಮ್ ಬೀಳುವಲ್ಲಿ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ, ಎಲ್ಲ ಇತ್ತು. ಆದರೆ ದರ್ಬಾರಿಯಲ್ಲಿ ಬರುವ ಗಾಂಧಾರದ ಕೆಳಗೂ ಅದೇ ಗೆರೆ ಇರುತ್ತದೆ. ಭೀಮಪಲಾಸಿಯ ಗಾಂಧಾರ ಮಧ್ಯಮವನ್ನು ಮುಟ್ಟಿ ಬರುತ್ತದೆ. ದರ್ಬಾರಿಯ ಗಾಂಧಾರ ತೊಟ್ಟಿಲಿನಂತೆ ನಿಧಾನವಾಗಿ ತೂಗುತ್ತದೆ. ಕಾಗದದ ಮೇಲೆ ಎರಡೂ ಒಂದೇ ಅಕ್ಷರ, ಒಂದೇ ಗೆರೆ. ಪೇಟಿಯ ಪಟ್ಟಿಗೂ ಆ ಭೇದ ಗೊತ್ತಿಲ್ಲ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು 1971ರವರೆಗೆ ಒಳಗೆ ಬಿಟ್ಟುಕೊಳ್ಳದಿದ್ದುದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ನಮ್ಮ ಉಸ್ತಾದರು ಬಾರಿಸುವಾಗ ಹಾಡಿಯೇ ತೋರಿಸುತ್ತಿದ್ದರು. ಬರೆದುಕೊಳ್ಳಲು ಹೊರಟರೆ, "ಕಾಗಜ್ ನೈ ಗಾತಾ ಬಾಬಾ, ಗಲಾ ಗಾತಾ" ಎಂದು ಪೆನ್ನು ಕಸಿದು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದರು.

ಇಷ್ಟು ಹೇಳಿ, ಮೊಬೈಲಿನಲ್ಲಿ ಕಲಿಯುವುದೆಲ್ಲ ಸುಳ್ಳು, ಹಿಂದಿನ ಕಾಲವೇ ಚೆಂದ ಎಂದು ಮುಗಿಸಿಬಿಡುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಹಿಂದಿನ ಕಾಲದಲ್ಲಿ ಒಂದು ಚೀಜು ಕೈಗೆ ಬರಲು ಏನೆಲ್ಲ ಮಾಡಬೇಕಿತ್ತು ಎಂಬುದನ್ನೂ ನೆನೆಯಬೇಕು. ಹೊಲವಿಲ್ಲದ ಉಸ್ತಾದರಿಗೆ ಚೀಜೇ ಹೊಲ. ಕೆಲವು ಮನೆತನಗಳಲ್ಲಿ ಮಗಳನ್ನು ಕೊಡುವಾಗ ಅಳಿಯನಿಗೆ ದಹೇಜಾಗಿ ಚೀಜುಗಳನ್ನು ಕೊಡುತ್ತಿದ್ದರೆಂದು ಹೇಳುತ್ತಾರೆ. ಇನ್ನು ಕೆಲವರು ಗಂಡಾ ಕಟ್ಟಿದ ಶಿಷ್ಯನಿಗೂ ಅಂತರಾ ಹೇಳಿಕೊಡದೆ ವರ್ಷಗಟ್ಟಲೆ ಕಾಯಿಸುತ್ತಿದ್ದರಂತೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದರು. ಹುಟ್ಟಿದ ಜಾತಿಗಾಗಿ ಬೀದಿಯಲ್ಲಿ ಜನ ಆಡಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅವರಿಗೆ ಬಾಗಿಲು ತೆರೆಯಿತು. ತೆರೆಯದೆ ಹಿಂದಿರುಗಿದವರ ಲೆಕ್ಕ ಯಾರ ಹತ್ತಿರ ಇದೆ? ನಮ್ಮ ನೆರೆಮನೆಯ ಹುಡುಗಿ ಯಾರ ಕಾಲೂ ಹಿಡಿಯದೆ, ಯಾವ ಜಾತಿ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಭೀಮಪಲಾಸಿಯ ಪುಟ ತೆಗೆದುಕೊಂಡಳು. ಇದು ಸಣ್ಣ ಸಂಗತಿಯಲ್ಲ.

ಪಶ್ಚಿಮದ ಸಂಗೀತದವರು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. 2006ರ ಫೆಬ್ರವರಿಯಲ್ಲಿ ಎಡ್ವರ್ಡ್ ಗುವೊ ಎಂಬ ಸಂಗೀತ ವಿದ್ಯಾರ್ಥಿ ಕೃತಿಸ್ವಾಮ್ಯ ಮುಗಿದ ಸ್ವರಲಿಪಿಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಇಡುವ ಅಂತರ್ಜಾಲ ಗ್ರಂಥಾಲಯವೊಂದನ್ನು ಶುರುಮಾಡಿದ. 1501ರಲ್ಲಿ ವೆನಿಸ್ಸಿನಲ್ಲಿ ಬಹುಸ್ವರದ ಹಾಡುಗಳ ಸ್ವರಲಿಪಿಯನ್ನು ಅಚ್ಚಿನ ಮೊಳೆಗಳಿಂದ ಮುದ್ರಿಸಿದ ಪೆತ್ರುಚ್ಚಿಯ ಹೆಸರನ್ನು ಅದಕ್ಕೆ ಇಟ್ಟರು. ಮರುವರ್ಷದ ಅಕ್ಟೋಬರಿನಲ್ಲಿ ವಿಯೆನ್ನಾದ ಪ್ರಕಾಶನ ಸಂಸ್ಥೆಯೊಂದರ ವಕೀಲರು ನೋಟೀಸು ಕಳಿಸಿದರು. ಆಗ ಕೆನಡಾದ ಕಾನೂನಿನಲ್ಲಿ ರಚನಕಾರ ತೀರಿಕೊಂಡ 50 ವರ್ಷಕ್ಕೆ ಕೃತಿ ಎಲ್ಲರ ಸ್ವತ್ತಾಗುತ್ತಿತ್ತು, ಯುರೋಪಿನಲ್ಲಿ 70 ವರ್ಷ. ಒಬ್ಬ ವಿದ್ಯಾರ್ಥಿಗೆ ವಕೀಲರ ಜೊತೆ ಗುದ್ದಾಡುವ ಶಕ್ತಿ ಎಲ್ಲಿಂದ ಬರಬೇಕು? ಗ್ರಂಥಾಲಯ ಮುಚ್ಚಿತು. 2008ರ ಜೂನ್ ಕೊನೆಯಲ್ಲಿ ಮತ್ತೆ ತೆರೆಯಿತು. ಇಂದು ಅಲ್ಲಿ ಲಕ್ಷಗಟ್ಟಲೆ ಸ್ವರಲಿಪಿಗಳಿವೆ. ನಾನು ನೋಡಿ ಬೆರಗಾದದ್ದು ಆ ಸಂಖ್ಯೆಗೆ ಅಲ್ಲ. ಪ್ರತಿಯೊಂದರ ಜೊತೆ ರಚಿಸಿದವರು ಯಾರು, ಸಂಪಾದಿಸಿದವರು ಯಾರು, ಯಾವ ಊರಿನಲ್ಲಿ ಯಾವ ವರ್ಷ ಅಚ್ಚಾಯಿತು ಎಂಬ ವಿವರ ಬರೆದಿಡುವ ಪದ್ಧತಿಗೆ. ಈ ಮಾತಿಗೆ ಮುಂದೆ ಬರುತ್ತೇನೆ.

ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ 60 ವರ್ಷಕ್ಕೆ ಮುಗಿಯುತ್ತದೆ. ವಿಷ್ಣು ನಾರಾಯಣ ಭಾತಖಂಡೆ 1936ರಲ್ಲಿ ತೀರಿಕೊಂಡರು. ಅಂದರೆ ಅವರ ಬರವಣಿಗೆ ಈಗ ನಮ್ಮೆಲ್ಲರದು. ಅವರ ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಅಂತರ್ಜಾಲದಲ್ಲಿ ಹರಿದಾಡುವ ಹಿಂದುಸ್ತಾನಿ ಸ್ವರಲಿಪಿಯ ಬಹುಪಾಲು ಅವರ ಗುರುತುಗಳಲ್ಲೇ ಇದೆ. ಹುಡುಗಿಯ ಪುಟವೂ ಅದೇ ಪದ್ಧತಿಯದು. ವಕೀಲಿ ಮಾಡಿಕೊಂಡಿದ್ದ ಆ ಮನುಷ್ಯ ದೇಶವೆಲ್ಲ ತಿರುಗಿ, ಉಸ್ತಾದರ ಮನೆಯ ಹೊಸ್ತಿಲು ತುಳಿದು, ಗಂಟಲಿನಲ್ಲಿದ್ದ ಸಾವಿರಕ್ಕೂ ಹೆಚ್ಚು ಚೀಜುಗಳನ್ನು ಕಾಗದಕ್ಕಿಳಿಸಿದರು. ಅವರು ಬರೆಯದಿದ್ದರೆ ಅವುಗಳಲ್ಲಿ ಎಷ್ಟೋ ಹೋಗಿಬಿಡುತ್ತಿದ್ದವು.

ಕೊಟ್ಟವರು ಯಾರು? ಜೈಪುರದ ಮೊಹಮ್ಮದ್ ಅಲಿ ಖಾನರ ಮನೆತನದಿಂದಲೇ ನೂರಾರು ಚೀಜುಗಳು ಬಂದವು. ರಾಂಪುರ ದರ್ಬಾರಿನಿಂದ ಬಂದವು. ಹೀಗೆ ಕೊಟ್ಟವರಲ್ಲಿ ಹೆಚ್ಚಿನವರು ಮುಸ್ಲಿಂ ಉಸ್ತಾದರು. ಭಾತಖಂಡೆಯವರು ಕೆಲವರನ್ನು ಗೌರವದಿಂದ ನೆನೆದಿದ್ದಾರೆ, ಕೆಲವರಿಗೆ ಶಾಸ್ತ್ರ ಗೊತ್ತಿಲ್ಲವೆಂದು ಕಟುವಾಗಿಯೂ ಬರೆದಿದ್ದಾರೆ. ಸಂಗೀತ ಶಾಲೆ ಸೇರಿದ ಮೇಲೆ ಮುಸ್ಲಿಂ ಉಸ್ತಾದರು ಹೇಗೆ ಅಂಚಿಗೆ ಸರಿದರು ಎಂಬ ಚರಿತ್ರೆಯನ್ನು ಜಾನಕಿ ಬಾಖಲೆಯವರು 2005ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಭಾತಖಂಡೆಯವರನ್ನು ಖಳನಾಯಕನನ್ನಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಪುಸ್ತಕದಿಂದ ಪುಸ್ತಕಕ್ಕೆ, ಪುಸ್ತಕದಿಂದ ಮೊಬೈಲಿಗೆ ಬರುವ ಹೊತ್ತಿಗೆ ಕೊಟ್ಟವನ ಹೆಸರು ಉದುರಿ ಹೋಯಿತು. ಹುಡುಗಿಯ ಕೈಯಲ್ಲಿದ್ದ ಪುಟದ ಮೇಲೆ ರಾಗದ ಹೆಸರಿತ್ತು, ತಾಳದ ಹೆಸರಿತ್ತು, ಕೆಳಗೆ ಅದನ್ನು ಟೈಪು ಮಾಡಿ ಏರಿಸಿದವನ ಚಾನೆಲ್ಲಿನ ಹೆಸರೂ ಇತ್ತು.

ಇನ್ನೊಂದು ಹೆಸರು ಉದುರಿದ್ದನ್ನು ಹೇಳಲೇಬೇಕು. ಸ್ವರಲಿಪಿ, ಸಂಗೀತ ಶಾಲೆ ಎಂದರೆ ಎಲ್ಲರೂ ಇಬ್ಬರು ವಿಷ್ಣುಗಳನ್ನು ನೆನೆಯುತ್ತಾರೆ. ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು 1901ರಲ್ಲಿ, ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಶುರುವಾದದ್ದು 1926ರಲ್ಲಿ. ಆದರೆ 1886ರಲ್ಲೇ ಬಡೋದೆಯಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಗಾಯನಶಾಲೆ ತೆರೆದವರು ಉಸ್ತಾದ್ ಮೌಲಾ ಬಕ್ಷ್. ತಮ್ಮದೇ ಸ್ವರಲಿಪಿ ಕಟ್ಟಿ ಪಾಠಪುಸ್ತಕ ಮಾಡಿದವರು. ದಕ್ಷಿಣದ ಸಂಗೀತವನ್ನೂ ಕಲಿತು ಮೈಸೂರಿನ ಅರಮನೆಯಲ್ಲಿ ಮನ್ನಣೆ ಪಡೆದವರು. ಅವರ ಪತ್ನಿ ಟಿಪ್ಪು ಸುಲ್ತಾನರ ವಂಶದವರೆಂದು ಅವರ ಕುಟುಂಬದಲ್ಲಿ ಹೇಳಿಕೆಯಿದೆ. ಅವರ ಮಗಳ ಮಗ ಇನಾಯತ್ ಖಾನ್ ಹೈದರಾಬಾದಿನಲ್ಲಿ ಮುರ್ಶಿದರನ್ನು ಕಂಡುಕೊಂಡು, 1910ರಲ್ಲಿ ವೀಣೆ ಹಿಡಿದು ಅಮೆರಿಕಕ್ಕೆ ಹಡಗು ಹತ್ತಿದ ಸೂಫಿ. ಉಸ್ತಾದರೆಲ್ಲ ವಿದ್ಯೆ ಮುಚ್ಚಿಟ್ಟರು, ಬೇರೆಯವರು ಬಂದು ಬಿಡಿಸಿದರು ಎಂಬ ಕತೆ ಅರ್ಧ ಸತ್ಯ. ಬಚ್ಚಿಟ್ಟವರೂ ಇದ್ದರು, ಮೊದಲು ಬಿಚ್ಚಿಟ್ಟವರೂ ನಮ್ಮವರೇ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ ಕಿತಾಬೆ ನೌರಸ್ ಬರೆದ. ಸರಸ್ವತಿಯನ್ನೂ ಖ್ವಾಜಾ ಬಂದೇನವಾಜರನ್ನೂ ಒಟ್ಟಿಗೆ ಸ್ತುತಿಸುವ 59 ಹಾಡುಗಳ ಪುಸ್ತಕ. ಪ್ರತಿ ಹಾಡಿನ ತಲೆಯ ಮೇಲೆ ರಾಗದ ಹೆಸರಿದೆ, ಸ್ವರವಿಲ್ಲ. ನಾನೂರು ವರ್ಷಗಳ ನಂತರ ಪದಗಳು ನಮ್ಮ ಹತ್ತಿರ ಇವೆ, ಸುಲ್ತಾನ ಅವನ್ನು ಹೇಗೆ ಹಾಡಿದ ಎಂಬುದು ಇಲ್ಲ. ನಮ್ಮ ಬೀದರಿನ ಗುರುನಾನಕ್ ಝೀರಾದಲ್ಲಿ ಕೀರ್ತನೆ ಕೇಳುವಾಗಲೂ ನನಗೆ ಇದೇ ನೆನಪಾಗುತ್ತದೆ. ಗುರು ಗ್ರಂಥ ಸಾಹಿಬ್ 31 ರಾಗಗಳ ಅಡಿಯಲ್ಲಿ ಜೋಡಿಸಿದ ಗ್ರಂಥ. ಅದರಲ್ಲೂ ಸ್ವರಲಿಪಿಯಿಲ್ಲ. ಹಾಡುವ ಕ್ರಮ ಉಳಿದು ಬಂದದ್ದು ರಾಗಿಗಳ ಮತ್ತು ರಬಾಬಿಗಳ ಗಂಟಲಿನಲ್ಲಿ. ರಬಾಬಿಗಳು ಮುಸ್ಲಿಮರು, ಗುರುನಾನಕರ ಜೊತೆ ರಬಾಬ್ ನುಡಿಸುತ್ತ ನಡೆದ ಭಾಯಿ ಮರ್ದಾನಾರ ಪರಂಪರೆಯವರು. ಅಮೃತಸರದ ಸ್ವರ್ಣಮಂದಿರದಲ್ಲಿ ತಲೆಮಾರುಗಳ ಕಾಲ ಹಾಡಿದವರು. 1947ರಲ್ಲಿ ಗಡಿ ಬಿದ್ದಾಗ ಹೆಚ್ಚಿನವರು ಆಚೆ ಹೋದರು. ಗ್ರಂಥ ಈಚೆ ಉಳಿಯಿತು, ಅದನ್ನು ಹಾಡಿದ ಗಂಟಲುಗಳಲ್ಲಿ ಅನೇಕ ಆಚೆ ಹೋದವು.

ಶಿಶುನಾಳ ಶರೀಫರ ಪದಗಳನ್ನು ನಾವೆಲ್ಲ ಸಿ. ಅಶ್ವತ್ಥರ ಧಾಟಿಯಲ್ಲೇ ಹಾಡುತ್ತೇವೆ. ಅಶ್ವತ್ಥರಿಗೆ ನಾವು ಋಣಿಗಳು, ಅವರಿಲ್ಲದಿದ್ದರೆ ಶರೀಫರು ಇಷ್ಟು ಮನೆಗಳಿಗೆ ಬರುತ್ತಿರಲಿಲ್ಲ. ಆದರೆ 1889ರಲ್ಲಿ ಕಣ್ಣುಮುಚ್ಚಿದ ಶರೀಫರು ತಮ್ಮ ಬಾಯಿಂದ ಯಾವ ಧಾಟಿಯಲ್ಲಿ ಹಾಡಿದರು? ಕ್ಯಾಸೆಟ್ಟು ಬಂದ ಮೇಲೆ ಹಳ್ಳಿಯ ಭಜನೆಯವರೂ ತಮ್ಮ ಹಳೆಯ ಧಾಟಿ ಬಿಟ್ಟು ಕ್ಯಾಸೆಟ್ಟಿನ ಧಾಟಿ ಹಿಡಿದದ್ದನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಬರೆದಿಟ್ಟರೆ ಸಾಕೇ? ನಮ್ಮ ಮಕ್ಕಳು ಕುರ್‌ಆನ್ ಕಲಿಯುವ ಕ್ರಮವನ್ನು ನೋಡಿ. ಪಠಣವನ್ನು ಸಂಗೀತಕ್ಕೆ ಹೋಲಿಸುತ್ತಿದ್ದೇನೆಂದು ಯಾರೂ ಮುನಿಸಿಕೊಳ್ಳಬಾರದು, ಕಲಿಸುವ ರೀತಿಯ ಬಗ್ಗೆಯಷ್ಟೇ ನನ್ನ ಮಾತು. ಮುಸ್‌ಹಫಿನಲ್ಲಿ ಒಂದು ಅಕ್ಷರವೂ ಹೆಚ್ಚುಕಡಿಮೆಯಿಲ್ಲ. ಎಲ್ಲಿ ಎಳೆಯಬೇಕೆಂಬುದಕ್ಕೆ ಮದ್ದಿನ ಗುರುತಿದೆ. ಮೀಮ್ ಇದ್ದಲ್ಲಿ ನಿಲ್ಲಲೇಬೇಕು, ಲಾ ಇದ್ದಲ್ಲಿ ನಿಲ್ಲಬಾರದು, ಜೀಮ್ ಇದ್ದಲ್ಲಿ ನಿಂತರೂ ಸರಿ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಮಸೀದಿಯ ಕಪಾಟಿನಲ್ಲೂ ಇದೆ. ಆದರೂ ಐದು ವರ್ಷದ ಮಗು ಹಾಫಿಜರ ಮುಂದೆ ಕೂತು, ಅವರ ಬಾಯಿ ನೋಡಿ, ಐನ್ ಗಂಟಲಿನ ಯಾವ ಜಾಗದಿಂದ ಹೊರಡುತ್ತದೆ ಎಂದು ಕಲಿಯಬೇಕು. ಗ್ರಂಥ ಎಲ್ಲರ ಕೈಗೆ ಸಿಕ್ಕಿತೆಂದು ಹಾಫಿಜರು ಬೇಡವಾಗಲಿಲ್ಲ. ಹಾಫಿಜರಿದ್ದಾರೆಂದು ಗ್ರಂಥವನ್ನು ಯಾರೂ ಬಚ್ಚಿಡಲಿಲ್ಲ.

ಇನ್ನು ಕಾಗದವೇ ಇಲ್ಲದೆ, ಆದರೆ ಪುಕ್ಕಟೆಯಾಗಿ ಕಲಿಸಿದವರೂ ನಮ್ಮ ನಾಡಿನಲ್ಲಿದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಗುರುಗಳಿಗೂ ದೃಷ್ಟಿಯಿರಲಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ. ಅಂತರ್ಜಾಲದಲ್ಲಿ ಪುಟ ಪುಕ್ಕಟೆ. ಅಲ್ಲಿ ಗುರುವೇ ಪುಕ್ಕಟೆ. ಬೀದರಿನವರಿಗೆ ಇದು ಹೊಸ ವಿಚಾರವೇನಲ್ಲ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ, ಜೊತೆಗೆ ಪಾಠ ಹೇಳುವವರೂ ಅಲ್ಲೇ ವಾಸವಿದ್ದರು. ಪುಸ್ತಕ ಒಂದು ಕಡೆ, ಉಸ್ತಾದ ಇನ್ನೊಂದು ಕಡೆ ಎಂದು ಗವಾನ್ ಯೋಚಿಸಿದಂತೆ ಕಾಣುವುದಿಲ್ಲ.

ಈಗ ನಮ್ಮ ಉಸ್ತಾದರ ವಿಷಯಕ್ಕೆ ಬರುತ್ತೇನೆ. ಅವರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು, ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಸಂಜೆ ಮನೆಯ ಪಡಸಾಲೆಯಲ್ಲಿ ಕಲಿಸುತ್ತಿದ್ದರು. ಫೀಸು ಎಂದು ಕೇಳಿದವರಲ್ಲ. ಕೊಟ್ಟವರು ಕೊಟ್ಟರು, ತೊಗರಿ ಸುಗ್ಗಿಯಲ್ಲಿ ಯಾರೋ ಒಂದು ಚೀಲ ಇಳಿಸಿ ಹೋಗುತ್ತಿದ್ದರು. ಕಾಗದ ಹಾಡುವುದಿಲ್ಲ ಎಂದು ನಮ್ಮ ಪೆನ್ನು ಕಸಿಯುತ್ತಿದ್ದ ಈ ಮನುಷ್ಯ ಗುಟ್ಟಾಗಿ ಬರೆದಿಟ್ಟಿದ್ದರೆಂಬುದು ತಿಳಿದದ್ದು ಅವರು ತೀರಿಕೊಂಡ ಮೇಲೆ. ಕೆಂಪು ಬಟ್ಟೆಯ ರಟ್ಟಿನ ಮೂರು ಲೆಕ್ಕದ ಪುಸ್ತಕಗಳು. ಅದನ್ನು ಮನೆಯವರು ಬಯಾಜು ಎನ್ನುತ್ತಿದ್ದರು. ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮದವರು, ಉರ್ದು ಓದಲು ಬಾರದು. ನಾನು ಏಳನೆಯವರೆಗೆ ಉರ್ದು, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವನು. ಹಾಗಾಗಿ ಅವರ ಹಿರಿಯ ಮಗಳು ನನ್ನನ್ನು ಕರೆಸಿದರು.

ತೆರೆದು ನೋಡಿದರೆ ಸರಗಮ್ ಬಲದಿಂದ ಎಡಕ್ಕೆ ಏರುತ್ತಿತ್ತು. ಸೀನ್ ಎಂದರೆ ಸಾ, ರೇ ಎಂದರೆ ರೆ, ಗಾಫ್ ಎಂದರೆ ಗ. ಕೋಮಲಕ್ಕೆ ಕೆಳಗೆ ಗೆರೆ. ಭಾತಖಂಡೆ ಪದ್ಧತಿಯ ಗುರುತುಗಳನ್ನು ಎಲ್ಲೋ ಕಂಡು ಉರ್ದುವಿಗೆ ಒಗ್ಗಿಸಿಕೊಂಡಿದ್ದರು. ದರ್ಬಾರಿಯ ಗಾಂಧಾರದ ಮೇಲೆ ಮಾತ್ರ ಪುಟ್ಟ ತೊಟ್ಟಿಲಿನ ಚಿತ್ರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ವರಗಳಲ್ಲ. ಲೆಕ್ಕದ ಪುಸ್ತಕದಲ್ಲಿ ಜಮಾ, ಖರ್ಚು ಎಂದು ಎರಡು ಕಾಲಂ ಇರುತ್ತವಲ್ಲ, ಉಸ್ತಾದರು ಅವನ್ನೂ ಬಿಟ್ಟಿರಲಿಲ್ಲ. ಪ್ರತಿ ಚೀಜಿನ ಪಕ್ಕದಲ್ಲಿ ಜಮಾ ಕಡೆ ಯಾರಿಂದ ಬಂತು, ಎಲ್ಲಿ, ಯಾವ ಸಾಲಿನಲ್ಲಿ. ಖರ್ಚಿನ ಕಡೆ ಯಾರಿಗೆ ಕೊಟ್ಟೆ. ಹೈದರಾಬಾದಿನ ಸಾರಂಗಿಯವರು, ಭಾಲ್ಕಿಯ ಭಜನಾ ಮಂಡಳಿಯ ಮುಖ್ಯಸ್ಥರು, ಉದಗೀರಿನ ತಮಾಷಾದ ಪೇಟಿಯವನು, ಅಷ್ಟೂರಿನ ಉರುಸಿಗೆ ಬಂದ ಕವ್ವಾಲ, ಎಲ್ಲರೂ ಜಮಾದಲ್ಲಿದ್ದಾರೆ. ಖರ್ಚಿನಲ್ಲಿ ನಮ್ಮ ಓಣಿಯ ಹುಡುಗರು, ಅವರಲ್ಲಿ ಅರ್ಧದಷ್ಟು ಲಿಂಗಾಯತರ, ಮರಾಠರ ಮಕ್ಕಳು. ನನ್ನ ಹೆಸರೂ ಎರಡು ಕಡೆ ಇದೆ.

ಹದೀಸ್ ಓದಿದವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ ಕೇಳಿದರು ಎಂಬ ಸನದಿನ ಸರಪಳಿಯಿಲ್ಲದೆ ಮಾತಿಗೆ ತೂಕವಿಲ್ಲ. ಗುಮಾಸ್ತರೊಬ್ಬರು ತಮ್ಮ ಚೀಜುಗಳಿಗೆ ಸನದು ಬರೆದಿದ್ದರು.

ಇದನ್ನು ಕನ್ನಡಕ್ಕಿಳಿಸಿ, ಮೂಲದ ಚಿತ್ರಗಳ ಸಮೇತ ಪುಕ್ಕಟೆಯಾಗಿ ಅಂತರ್ಜಾಲದಲ್ಲಿ ಇಡೋಣ ಎಂದೆ. ಮನೆಯಲ್ಲಿ ಎರಡು ವಿರೋಧ ಬಂತು. ದುಬೈಯಲ್ಲಿ ದುಡಿಯುವ ಮಗ ಫೋನಿನಲ್ಲಿ, "ಅಬ್ಬಾ ಜೀವನವಿಡೀ ಪುಕ್ಕಟೆ ಕೊಟ್ಟರು. ಈಗ ಯಾರೋ ತೆಗೆದುಕೊಂಡು ತಮ್ಮ ಹೆಸರಲ್ಲಿ ಚಾನೆಲ್ ಮಾಡಿ ರೊಕ್ಕ ಎಣಿಸುತ್ತಾರೆ, ನಾವು ನೋಡುತ್ತ ಕೂಡಬೇಕಾ ಭಾಯಿ?" ಎಂದರು. ಅಳಿಯನದು ಬೇರೆ ಮಾತು. ದೀನಿನ ಬಗ್ಗೆ ಕಟ್ಟುನಿಟ್ಟಿನ ಮನುಷ್ಯ, ಒಳ್ಳೆಯವರು. ಹಾಡು ಬಜಾವಣೆ ಸರಿಯಲ್ಲ, ಜನ ಅದನ್ನು ಕಲಿಯುತ್ತ ಹೋದಷ್ಟು ದಿನ ಮಾವನ ಕಬರಿಗೆ ಅದರ ಗುನಾಹ್ ತಲುಪುತ್ತದೆ, ಪುಸ್ತಕವನ್ನು ಮಣ್ಣು ಮಾಡಿ ಎಂಬುದು ಅವರ ಬೇಡಿಕೆ. ಅವರು ಸಿಟ್ಟಿನಿಂದ ಆಡಿದ ಮಾತಲ್ಲ ಅದು, ಮಾವನ ಮೇಲಿನ ಪ್ರೀತಿಯಿಂದ ಆಡಿದ್ದು, ಕಣ್ಣಲ್ಲಿ ನೀರಿತ್ತು. ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಸಾವಿರ ವರ್ಷಗಳಿಂದ ಭಿನ್ನಮತ ಇದೆ. ನಮ್ಮಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಕಲಬುರಗಿಯಲ್ಲಿ ಮಲಗಿರುವ ಬಂದೇನವಾಜರು ಸಮಾ ಕೇಳುತ್ತಿದ್ದರು, ಅದರ ಅದಬುಗಳನ್ನೂ ಹೇಳಿಕೊಟ್ಟರು. ಇದನ್ನು ನಾನು ಅಳಿಯನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಒಪ್ಪಿಸುವುದು ನನ್ನ ಕೈಯಲ್ಲಿಲ್ಲ.

ತೀರ್ಮಾನ ಮಾಡಿದ್ದು ಮಗಳು. "ಅಬ್ಬಾ ಯಾರಿಗೂ ಇಲ್ಲ ಅಂದವರಲ್ಲ. ನಾನು ಹ್ಯಾಂಗ ಇಲ್ಲ ಅನ್ನಲಿ? ಆದ್ರ ಜಮಾದ ಒಂದು ಹೆಸರೂ ಬಿಡಬ್ಯಾಡ್ರಿ" ಎಂದರು. ದುಬೈಯ ಮಗನಿಗೂ ಇದೇ ಉತ್ತರವಾಯಿತೆಂದು ನನ್ನ ನಂಬಿಕೆ. ಚೀಜಿಗೆ ಬೀಗ ಹಾಕಲಾಗುವುದಿಲ್ಲ, ಹಾಕಲೂಬಾರದು. ಆದರೆ ಹೆಸರುಗಳ ಸಮೇತ ಒಮ್ಮೆ ಎಲ್ಲರ ಎದುರು ಇಟ್ಟುಬಿಟ್ಟರೆ, ನಾಳೆ ಯಾರಾದರೂ ಹೆಸರು ಅಳಿಸಿ ತನ್ನದೆಂದರೆ ತೋರಿಸಲು ಒಂದು ಪುಟವಾದರೂ ಇರುತ್ತದೆ. ಪಶ್ಚಿಮದವರ ಗ್ರಂಥಾಲಯದಿಂದ ಕಲಿಯಬೇಕಾದ್ದು ಈ ಶಿಸ್ತು. ಅದು ನಮಗೆ ಹೊಸತೂ ಅಲ್ಲ.

ಕೆಲಸ ನಿಧಾನವಾಗಿ ಸಾಗಿದೆ. ಹಗಲು ಹೊತ್ತಿನಲ್ಲಿ ಪುಟಗಳನ್ನು ಅಂಗಳಕ್ಕೆ ತಂದು ಬಿಸಿಲಿಲ್ಲದ ಬೆಳಕಿನಲ್ಲಿ ಫೋಟೋ ತೆಗೆಯುತ್ತೇನೆ, ರಾತ್ರಿ ಬರೆಯುತ್ತೇನೆ. ಪರೀಕ್ಷೆಗೆ ಕಟ್ಟಿದ ಹುಡುಗಿ ಒಂದೊಂದೇ ಚೀಜನ್ನು ಪೇಟಿಯಲ್ಲಿ ಬಾರಿಸಿ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಾಳೆ. ಗೆದ್ದಲು ತಿಂದ ಕಡೆ ತೂತು ಬಿಟ್ಟೇ ಬರೆಯುತ್ತಿದ್ದೇವೆ. ಊಹೆಯಿಂದ ತುಂಬಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ನಮ್ಮ ನೌಬಾದದ ಸುರಂಗ ಬಾವಿಯನ್ನು ಬಲ್ಲವರಿಗೆ ಇದು ಅರ್ಥವಾದೀತು. ಬಹಮನಿಗಳ ಕಾಲದ ಆ ನೀರಿನ ದಾರಿಗೆ 21 ಗಾಳಿಬಾವಿಗಳು, ನಡುನಡುವೆ ಮಣ್ಣು ಮುಚ್ಚಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದೇ ಮರೆತುಹೋಗಿತ್ತು. 2010ರ ದಶಕದಲ್ಲಿ ಹೂಳು ತೆಗೆದವರು ಒಂದು ಬಾವಿಯಿಂದ ಇನ್ನೊಂದಕ್ಕೆ ಗುರುತು ಹಿಡಿದುಕೊಂಡೇ ಮುಂದೆ ಹೋದರು.

ಎರಡನೆಯ ಪುಸ್ತಕದ ನಡುವೆ ಒಂದು ಪುಟ ಬೇರೆ ಥರ ಇದೆ. ಅದು ರಾಗದ ಚೀಜಲ್ಲ, ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹಾಡುವ ಕನ್ನಡದ ರಿವಾಯತು. ಉಸ್ತಾದರು ಕನ್ನಡದ ಪದಗಳನ್ನು ಉರ್ದು ಅಕ್ಷರದಲ್ಲಿ ಬರೆದಿದ್ದಾರೆ, ಮೇಲೆ ಸ್ವರ ಹಾಕಿದ್ದಾರೆ. ಉರ್ದುವಿನಲ್ಲಿ ಳಕಾರವಿಲ್ಲ. ವಾವ್ ಒಂದನ್ನೇ ಹಾಕಿ ಕೊಡು, ಕೂಡು, ಕೋಡು ಮೂರನ್ನೂ ಬರೆಯಬಹುದು. ಹಾಗಾಗಿ ಎರಡನೆಯ ಸಾಲಿನ ಕೊನೆಯ ಪದ ಯಾವುದೆಂದು ನಮಗೆ ಇನ್ನೂ ಬಗೆಹರಿದಿಲ್ಲ. ಧಾಟಿ ಮಾತ್ರ ಸ್ಪಷ್ಟವಾಗಿದೆ, ಮಂದ್ರದ ಪಂಚಮದಿಂದ ಎದ್ದು ಮಧ್ಯಮಕ್ಕೆ ಬಂದು ನಿಲ್ಲುತ್ತದೆ. ಜಮಾದ ಕಡೆ ಔರಾದ, ಮೊಹರಮ್, ಒಂಬತ್ತನೆಯ ರಾತ್ರಿ ಎಂದಷ್ಟೇ ಇದೆ. ಹಾಡಿದವರ ಹೆಸರಿನ ಜಾಗದಲ್ಲಿ ಏನೂ ಬರೆದಿಲ್ಲ. ಔರಾದ, ಕಮಲನಗರದ ಕಡೆಯ ಓದುಗರ ಮನೆಗಳಲ್ಲಿ ಅಲಾವಿ ಹಾಡುತ್ತಿದ್ದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಕೇಳಿ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಬೇಕೆಂದು ಕೋರುತ್ತೇನೆ. ಕನ್ನಡದ ಪ್ರತಿಯಲ್ಲೂ ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ.